ನೆರಳು ಹಿಡಿಯುವವರ ಸಂಗಡ ಮೂರು ತಾಲ್ಲೂಕುಗಳಲ್ಲಿ

ಮಲೆನಾಡಿನ ಮೂರು ತಾಲ್ಲೂಕುಗಳನ್ನು ಒಂದೇ ನದಿಯು ಹಾರದಂತೆ ಪೋಣಿಸಿರುವುದು. ಶರಾವತಿಯು ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡುಗಳನ್ನು ಹಾದು, ಸಾಗರದ ಸೀಮೆಯನ್ನು ಸೇರಿ, ಜೋಗದ ಬಂಡೆಯ ಅಂಚಿನಿಂದ ಸುಮಾರು 830 ಅಡಿ ಕೆಳಕ್ಕೆ ಧುಮುಕುವಳು. ಶ್ರೀರಾಮನ ಬಾಣ ನಾಟಿದ ಸ್ಥಳದಲ್ಲಿ ನೀರು ಚಿಮ್ಮಿತೆಂದು ಸ್ಥಳಪುರಾಣವು ಹೇಳುತ್ತದೆ. ಕನ್ನಡದಲ್ಲಿ ‘ಅಂಬು’ ಎಂದರೆ ಬಾಣ. ಸಂಸ್ಕೃತದಲ್ಲಿ ಅದೇ ಶಬ್ದಕ್ಕೆ ನೀರೆಂದು ಅರ್ಥ. ಎರಡು ಭಾಷೆಗಳು ಒಂದು ಹೆಸರಿನಲ್ಲಿ ಇಷ್ಟು ಸೊಗಸಾಗಿ ಕೈಹಿಡಿದಿರುವ ಊರುಗಳು ಹೆಚ್ಚಾಗಿರಲಾರವು.

ಈ ನದಿಯ ಜಾಡಿನಲ್ಲಿ ಹಿಂದೆ ಯಾತ್ರಿಕರು ಸಂಚರಿಸುತ್ತಿದ್ದರು. ಅಡಿಕೆ ಹೇರಿದ ಎತ್ತುಗಳು ಸಂಚರಿಸುತ್ತಿದ್ದುವು. ಕೆಳದಿಯ ಅರಸರ ದಂಡುಗಳೂ ಸಂಚರಿಸುತ್ತಿದ್ದುವು. ಈಗ ಹೊಸದೊಂದು ಬಗೆಯ ಯಾತ್ರಿಕರು ಕಾಣಿಸಿಕೊಂಡಿರುವರು. ಇವರು ಸೂರ್ಯೋದಯಕ್ಕೆ ಮುಂಚೆಯೇ ಎದ್ದು, ಮೂರು ಕಾಲಿನ ಕೋಲನ್ನು ಹೆಗಲಿಗೇರಿಸಿ, ಇಬ್ಬನಿಯಲ್ಲಿ ಒದ್ದೆಯಾಗಿ, ಒಂದು ಹುಲ್ಲಿನ ಗರಿಯ ಮುಂದೆ ಅರ್ಧ ಘಳಿಗೆ ಮೊಣಕಾಲೂರಿ ಕುಳಿತಿರುವುದುಂಟು. ದೇವರ ಮುಂದೆಯೂ ಅಷ್ಟು ಹೊತ್ತು ಕುಳಿತವರಲ್ಲವೆಂದು ಇವರ ಮನೆಯವರು ಹಾಸ್ಯಮಾಡುವುದೂ ಉಂಟು. ಇವರೇ ನಮ್ಮ ಛಾಯಾಚಿತ್ರಕಾರರು. ಕಳೆದ ಒಂದು ವರ್ಷದ ಅವಧಿಯಲ್ಲಿ, ಬೇರೆ ಬೇರೆ ಋತುಗಳಲ್ಲಿ, ಇಂತಹ ಕೆಲವರು ಗೆಳೆಯರ ಸಂಗಡ ನಾವು ಈ ಮೂರು ತಾಲ್ಲೂಕುಗಳನ್ನು ಸುತ್ತಿದೆವು. ನಮ್ಮ ಕೈಯಲ್ಲಿ ಯಂತ್ರವಿರಲಿಲ್ಲ. ಕೊಡೆಯೂ ಕನ್ನಡಕವೂ ಮಾತ್ರ ಇದ್ದುವು. ಆದರೂ ಅರವತ್ತು ವರ್ಷ ಕಂಡ ಊರುಗಳನ್ನೇ ಹೊಸದಾಗಿ ಕಂಡಂತಾದುದರಿಂದ, ಅದನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಮೊದಲು ಈ ವಿದ್ಯೆಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬೇಕು. ‘ಛಾಯಾ’ ಎಂಬ ಸಂಸ್ಕೃತ ಶಬ್ದಕ್ಕೆ ನೆರಳು, ಪ್ರತಿಬಿಂಬ, ಕಾಂತಿ ಎಂದು ಮೂರು ಅರ್ಥಗಳುಂಟು. ಈ ಮೂರೂ ಸೇರದೆ ಒಳ್ಳೆಯ ಪಟವಾಗುವುದಿಲ್ಲವಾದುದರಿಂದ, ಛಾಯಾಚಿತ್ರವೆಂದು ಹೆಸರಿಟ್ಟವರು ಬಹಳ ವಿವೇಕಿಗಳೆಂದೇ ಹೇಳಬೇಕು. ಫ್ರಾನ್ಸ್ ದೇಶದ ಡಾಗೆರ್ ಎಂಬಾತನ ವಿಧಾನವು 1839ನೆಯ ಇಸವಿ ಆಗಸ್ಟ್ 19ರಂದು ಲೋಕಕ್ಕೆ ಪ್ರಕಟವಾಯಿತು. ಆ ದಿನವನ್ನೇ ಇಂದಿಗೂ ವಿಶ್ವ ಛಾಯಾಗ್ರಹಣ ದಿನವೆಂದು ಆಚರಿಸುವರು. ಲಂಡನ್ನಿನಲ್ಲಿ ಛಾಯಾಗ್ರಾಹಕರ ಸಂಘವು 1853ರಲ್ಲಿ ಹುಟ್ಟಿದರೆ, ಮುಂಬಯಿಯಲ್ಲಿ ಮರುವರ್ಷವೇ, ಅಂದರೆ 1854ರಲ್ಲಿ, ಹುಟ್ಟಿತು. 1856ರಲ್ಲಿ ಕಲ್ಕತ್ತೆಯೂ ಮದರಾಸೂ ಅದನ್ನು ಹಿಂಬಾಲಿಸಿದುವು. ನಮ್ಮ ಸೀಮೆಯ ಶಿಲ್ಪಗಳೂ ಬಹಳ ಬೇಗ ಈ ಯಂತ್ರದ ಕಣ್ಣಿಗೆ ಬಿದ್ದುವು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ದೇವಾಲಯಗಳ ಛಾಯಾಚಿತ್ರಗಳುಳ್ಳ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಾಲದ ಛಾಯಾಗ್ರಾಹಕನು ಯಂತ್ರ, ಗಾಜಿನ ತಟ್ಟೆ, ಔಷಧಗಳ ಶೀಸೆ, ಕತ್ತಲೆಗಾಗಿ ಒಂದು ಡೇರೆ, ಇಷ್ಟನ್ನೂ ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕಾಗಿದ್ದಿತು. ಈಗಲಾದರೋ ಯಂತ್ರವು ಎಲ್ಲರ ಕಿಸೆಯಲ್ಲಿಯೂ ಇದೆ.

ಸ್ವಾತಂತ್ರ್ಯಾನಂತರ, 1953ರಲ್ಲಿ, ದೇಶದ ಛಾಯಾಚಿತ್ರ ಸಂಘಗಳೆಲ್ಲ ಸೇರಿ ಭಾರತೀಯ ಛಾಯಾಚಿತ್ರ ಒಕ್ಕೂಟವು ಸ್ಥಾಪಿತವಾಯಿತು. ಅದನ್ನು ಕಟ್ಟುವುದರಲ್ಲಿ ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಅವರ ಶ್ರಮವು ಮುಖ್ಯವಾದುದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು 1971ರಲ್ಲಿ ಹುಟ್ಟಿ ಕನ್ನಡನಾಡಿನ ಅನೇಕರಿಗೆ ಕೈಹಿಡಿದು ಈ ವಿದ್ಯೆಯನ್ನು ಕಲಿಸಿತು. ಇಂತಹ ಸಂಘಗಳು ರಾಜಧಾನಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ಅಡಿಕೆ ವ್ಯಾಪಾರದ ಊರಾದ ಸಾಗರದಲ್ಲಿಯೂ ಸಾಗರ ಫೋಟೋಗ್ರಾಫಿಕ್ ಸೊಸೈಟಿ ಎಂಬ ಸಂಘವಿರುವುದು. ದೇಶದ ನಾನಾ ಭಾಗಗಳವರು ಚಿತ್ರ ಕಳುಹಿಸುವಂತಹ ಸ್ಪರ್ಧೆಗಳನ್ನು ಅದು ನಡೆಸಿರುವುದು.

ಸಾಗರದ ಮಣ್ಣಿನಲ್ಲಿ ಇದು ಚಿಗುರಿದುದು ಆಶ್ಚರ್ಯವಲ್ಲ. ಗಂಧದ ಕೊರಡಿನಲ್ಲಿ ಬಳ್ಳಿಯ ಸುರುಳಿಯನ್ನೂ ಸಿಂಹದ ಕೇಸರವನ್ನೂ ಬಿಡಿಸುವ ಗುಡಿಗಾರರು ಇಲ್ಲಿಯವರು. ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ನಾಟಕವಲ್ಲದೆ 1973ರಲ್ಲಿ ಚಿತ್ರಸಮಾಜವನ್ನೂ ತೆರೆದು, ಜಗತ್ತಿನ ಉತ್ತಮ ಚಲಚ್ಚಿತ್ರಗಳನ್ನು ಹಳ್ಳಿಯ ಜನರೆದುರಿಗೆ ಇಟ್ಟಿತು. ನೋಡುವುದೂ ಓದುವುದರಂತೆಯೇ ಒಂದು ವಿದ್ಯೆಯೆಂಬ ಭಾವನೆಯು ಈ ಸೀಮೆಯಲ್ಲಿ ಆಗಲೇ ಬೇರೂರಿದ್ದಿತು.

ಇಂತಹ ಸಂಘಗಳಲ್ಲಿ ನಡೆಯುವ ಕೆಲಸವೇನೆಂದು ಗೃಹಿಣಿಯರು ಕೇಳಬಹುದು. ಸದಸ್ಯರು ತಿಂಗಳಿಗೊಮ್ಮೆ ಸೇರುವರು. ತಾವು ತೆಗೆದ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಿ ಒಬ್ಬರ ಗುಣದೋಷಗಳನ್ನು ಇನ್ನೊಬ್ಬರು ಹೇಳುವರು. ಹಿರಿಯರು ಕಿರಿಯರಿಗೆ ಶಿಬಿರ ನಡೆಸುವರು. ರಜೆಯ ದಿನ ಕೂಡಿ ಎಲ್ಲಿಗಾದರೂ ಹೋಗಿ, ಒಂದೇ ಸ್ಥಳವನ್ನು ಹತ್ತು ಮಂದಿ ಹತ್ತು ಬಗೆಯಾಗಿ ತೆಗೆದು ತರುವರು. ವರ್ಷಕ್ಕೊಮ್ಮೆ ಪ್ರದರ್ಶನವಿಡುವರು. ಇನ್ನು ದೊಡ್ಡ ಸ್ಪರ್ಧೆಗಳಲ್ಲಿ ವರ್ಣಚಿತ್ರ, ಕಪ್ಪು-ಬಿಳುಪು, ಪ್ರಕೃತಿ, ಪ್ರವಾಸ ಎಂದು ವಿಭಾಗಗಳಿರುವುವು. ಪ್ರತಿಯೊಬ್ಬನೂ ಸಾಮಾನ್ಯವಾಗಿ ವಿಭಾಗಕ್ಕೆ ನಾಲ್ಕು ಚಿತ್ರಗಳನ್ನು ಕಳುಹಿಸಬಹುದು. ಮೂವರು ತೀರ್ಪುಗಾರರು ಕುಳಿತು, ಚಿತ್ರ ತೆಗೆದವನ ಹೆಸರನ್ನರಿಯದೆ, ಒಬ್ಬರೊಡನೊಬ್ಬರು ಮಾತನಾಡದೆ, ಅಂಕಗಳನ್ನು ಕೊಡುವರು. ಮೂವರ ಅಂಕಗಳ ಮೊತ್ತವು ಗೆರೆಯನ್ನು ದಾಟಿದ ಚಿತ್ರವು ಸ್ವೀಕೃತವಾಗುವುದು. ಅವುಗಳಲ್ಲಿ ಅತ್ಯುತ್ತಮವಾದುವಕ್ಕೆ ಪದಕ. ಉತ್ತರಪತ್ರಿಕೆಗಳ ಮೇಲೆ ಹೆಸರಿಲ್ಲದೆ ಸಂಖ್ಯೆ ಮಾತ್ರವಿರುವ ಪರೀಕ್ಷೆಗಳನ್ನು ಬಹುಕಾಲ ನಡೆಸಿದ ನಮಗೆ ಈ ಕ್ರಮವು ಬಹಳ ಮೆಚ್ಚಿಕೆಯಾಯಿತು.

ತೀರ್ಪುಗಾರರು ಏನನ್ನು ನೋಡುವರು? ವಾತ್ಸ್ಯಾಯನನ ಗ್ರಂಥಕ್ಕೆ ಟೀಕೆ ಬರೆದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳಿರುವನು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕುಂಚದ ಚಿತ್ರಕ್ಕಾಗಿ ಹೇಳಿದ ಈ ಮಾತುಗಳನ್ನು ಗೆಳೆಯರ ಮುಂದಿಟ್ಟಾಗ, ತಮ್ಮ ವಿಮರ್ಶೆಯ ಅಂಶಗಳೂ ಹೆಚ್ಚುಕಡಿಮೆ ಇವೇ ಎಂದು ಅವರು ಒಪ್ಪಿದರು. ಒಂದರಲ್ಲಿ ಮಾತ್ರ ವ್ಯತ್ಯಾಸವುಂಟು. ಕುಂಚದವನಿಗೆ ಸಾದೃಶ್ಯವು ಸಾಧಿಸಬೇಕಾದ ಗುಣ. ಯಂತ್ರದವನಿಗೆ ಅದು ತಾನಾಗಿಯೇ ಬರುವುದು. ಹಾಗೆ ಸುಲಭವಾಗಿ ಬಂದುದನ್ನು ಕೆಡಿಸದೆ ಕಾಪಾಡುವುದೇ ಅವನ ಧರ್ಮ. ಈ ಮಾತಿನ ಬೆಲೆ ಏನೆಂಬುದು ಮುಂದಿನ ಸಂಚಾರದಲ್ಲಿ ನಮಗೆ ಕ್ರಮವಾಗಿ ಗೊತ್ತಾಯಿತು.

ಮಾಘಮಾಸದ ಒಂದು ಬೆಳಿಗ್ಗೆ ಸಾಗರದ ಸಮೀಪದ ಇಕ್ಕೇರಿಗೆ ಹೋದೆವು. ಕೆಳದಿಯಿಂದ ರಾಜಧಾನಿಯು ಇಲ್ಲಿಗೆ ಬಂದು, ಅನಂತರ ಬಿದನೂರಿಗೆ ಹೋಯಿತು. ಅರಮನೆಯು ಅಳಿದರೂ ಅಘೋರೇಶ್ವರನ ಭವ್ಯವಾದ ಕಲ್ಲಿನ ಗುಡಿಯು ಉಳಿದಿದೆ. ಗರ್ಭಗುಡಿಯ ಮುಂದಿನ ನೆಲಗಲ್ಲಿನ ಮೇಲೆ ದೇವರಿಗೆ ಅಡ್ಡಬಿದ್ದಿರುವ ಮೂವರು ಕೆಳದಿ ಅರಸರ ಆಕೃತಿಗಳನ್ನು ಕೊರೆದಿರುವರು. ಅವರಲ್ಲೊಬ್ಬನು ಹುಚ್ಚ ಸೋಮಶೇಖರ ನಾಯಕ. ಅವನ ಕೈಕಾಲುಗಳಿಗೆ ಸಂಕೋಲೆಯನ್ನು ಕೂಡ ಬಿಡಿಸಿರುವರು. ಸಾವಿರಾರು ಮಂದಿ ಇದನ್ನು ಕಾಣದೆ ದಾಟಿಹೋಗುವರು. ಏಕೆಂದರೆ ಗೆರೆಗಳು ಸವೆದಿವೆ. ನಮ್ಮ ತರುಣ ಮಿತ್ರರೊಬ್ಬರು ಪುರೋಹಿತರ ಅಪ್ಪಣೆ ಪಡೆದು, ಬಾಗಿಲ ಕಡೆಯಿಂದ ಬರುವ ಬೆಳಕು ನೆಲದ ಮೇಲೆ ಓರೆಯಾಗಿ ಹರಿಯುವ ಸ್ಥಳವನ್ನು ಆರಿಸಿ, ನೆಲಕ್ಕೆ ಕಿವಿಯಿಟ್ಟವರಂತೆ ಬಾಗಿ ನೋಡಿದರು. ನಮ್ಮನ್ನೂ ಬಾಗಿ ನೋಡಿರೆಂದರು. ನೇರವಾಗಿ ನಿಂತಾಗ ಬರಿಯ ಕಲ್ಲಾಗಿದ್ದುದರಲ್ಲಿ, ಬಾಗಿದಾಗ ಸಂಕೋಲೆಯ ಒಂದೊಂದು ಕೊಂಡಿಯೂ ತನ್ನ ನೆರಳಿನಿಂದ ಎದ್ದು ಕಾಣಿಸಿತು. ಬೆಳಕು ಎದುರಿನಿಂದ ಬಿದ್ದರೆ ವಸ್ತುವು ಕಾಣುವುದು. ಪಕ್ಕದಿಂದ ಬಿದ್ದರೆ ಅದರ ಉಬ್ಬುತಗ್ಗು ಕಾಣುವುದು. ಪುಸ್ತಕದಲ್ಲಿ ಹತ್ತು ಬಾರಿ ಓದಿದ್ದ ಅರಸನನ್ನು ನಾವು ಕಣ್ಣಾರೆ ಕಂಡುದು ಅಂದೇ.

ಸಾಗರದ ಸೀಮೆಯ ಇನ್ನೊಂದು ಐಶ್ವರ್ಯವು ದೀವರ ಮನೆಗಳ ಹಸೆ ಚಿತ್ತಾರ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಕೂದಲೆಳೆಯಂತಹ ಗೆರೆಗಳಿಂದ ಮದುವೆಯ ಹಸೆಯನ್ನೂ ದಂಡಿಗೆಯನ್ನೂ ಹೆಂಗಸರು ಬರೆಯುವರು. ಹುರಿದು ಕರಿಮಾಡಿದ ಅಕ್ಕಿಯಿಂದ ಕಪ್ಪು ಬಣ್ಣವಾಗುವುದು. ಆಶ್ವಯುಜದ ಭೂಮಿ ಹುಣ್ಣಿಮೆಗೆ ಚರಗವನ್ನು ಹೊಲಕ್ಕೆ ಒಯ್ಯುವ ಬುಟ್ಟಿಯ ಮೇಲೆಯೂ ಇದೇ ಚಿತ್ತಾರವಿರುವುದು. ಹಬ್ಬದ ಹಿಂದಿನ ದಿನ ಅಂತಹ ಒಂದು ಮನೆಗೆ ನಾವು ಹೋದಾಗ, ಜಗುಲಿಯಲ್ಲಿ ಬುಟ್ಟಿ ಬರೆಯುತ್ತಿದ್ದ ಆಕೆಯು ತಲೆಯೆತ್ತಿ, “ಪಟ ತೆಕ್ಕಂಡು ಹೋಗೋರು ಬಾಳ ಜನ ಬತ್ತಾರೆ ಮೇಷ್ಟ್ರೆ. ಬರೆದೋರು ಯಾರು ಅಂತ ಒಬ್ರೂ ಕೇಳಲ್ಲ” ಎಂದಳು. ಮಿತ್ರರು ಯಂತ್ರವನ್ನು ಕೆಳಗಿಟ್ಟು, ಮೊದಲು ಹೆಸರನ್ನು ಕೇಳಿ ಬರೆದುಕೊಂಡರು. ಯಾವ ಗೆರೆಗೆ ಏನೆಂದು ಕರೆಯುವರೆಂದು ಕೇಳಿದರು. ಆಕೆಯ ತಾಯಿ ಬರೆಯುತ್ತಿದ್ದ ಬಗೆಯನ್ನೂ ಕೇಳಿದರು. ಚಿತ್ರ ತೆಗೆಯುವ ವೇಳೆಗೆ ಮಧ್ಯಾಹ್ನವಾಗಿ ಬೆಳಕು ಬಿರುಸಾಗಿದ್ದಿತು. ಆದರೆ ಆ ಪಟದಲ್ಲಿ ಆಕೆಯು ನಗುತ್ತಿರುವಳು. ಅದರ ಪ್ರತಿಯೊಂದು ಆ ಮನೆಯ ಗೋಡೆಯನ್ನೂ ಸೇರಿದೆ.

ಇನ್ನು ಮುಳುಗಡೆಯ ಮಾತು. ಜೋಗದ ವಿದ್ಯುತ್ತಿಗಾಗಿ ಶರಾವತಿಗೆ ಹಿರೇಭಾಸ್ಕರದಲ್ಲಿ, ಅಂದರೆ ಮಡೆನೂರಿನಲ್ಲಿ, 1940ರ ದಶಕದಲ್ಲಿ ಒಂದು ಅಣೆಕಟ್ಟನ್ನು ಕಟ್ಟಿದರು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. ಅನಂತರ 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿದು, ಅದರ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಅದರ ಸಂಗಡ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು, ತೋಟಗಳು, ಗದ್ದೆಗಳು ಮುಳುಗಿದುವು. ನಾಡಿನ ಮನೆಗಳಲ್ಲಿ ದೀಪ ಹತ್ತಿತು. ಇಲ್ಲಿಯ ಮನೆಗಳಲ್ಲಿ ಒಲೆ ಆರಿತು. ಎಬ್ಬಿಸಲ್ಪಟ್ಟ ಸಂಸಾರಗಳ ಹಕ್ಕುಪತ್ರದ ಪ್ರಶ್ನೆಯು ಅರವತ್ತು ವರ್ಷಗಳ ಮೇಲೆಯೂ ಪೂರ್ತಿಯಾಗಿ ಬಗೆಹರಿದಿಲ್ಲ. ಆಗ ಹಳ್ಳಿಗಳಲ್ಲಿ ಕ್ಯಾಮರಾ ಎಲ್ಲಿಯದು? ಮುಳುಗಿದ ಮನೆಗಳಲ್ಲಿ ಬಹುಪಾಲಿಗೆ ಒಂದು ಪಟವೂ ಇಲ್ಲ. ಅವು ಇದ್ದವರ ನೆನಪಿನಲ್ಲಿ ಮಾತ್ರ ಇರುವುವು. ಆ ನೆನಪುಳ್ಳವರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಿರುವರು.

ಬೇಸಗೆಯ ಕಡೆಯಲ್ಲಿ ಹಿನ್ನೀರು ಬಹಳ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ಮೇಲೇಳುವುದು. ಅದರ ಸೈಫನ್ ಬಾವಿಗಳು ದೊಡ್ಡ ಕಲ್ಲಿನ ಬಟ್ಟಲುಗಳಂತೆ ಸಾಲಾಗಿ ಕಾಣುವುವು. ಸುತ್ತಲೂ ಬಿರಿದ ಕೆಸರು. ಅದರಲ್ಲಿ ಕಪ್ಪಾದ ಮರದ ಬೊಡ್ಡೆಗಳು. ವೈಶಾಖದಲ್ಲಿ ನಾವು ಅಲ್ಲಿಗೆ ಹೋದಾಗ ಇನ್ನೂ ಮೂರು ನಾಲ್ಕು ಊರುಗಳ ಛಾಯಾಚಿತ್ರಕಾರರು ಬಂದಿದ್ದರು. ಚಿತ್ರಕ್ಕೆ ಅದು ಸುಗ್ಗಿಯ ಸ್ಥಳ. ಗೆರೆಗಳು, ಬಿರುಕುಗಳು, ವಿಸ್ತಾರವಾದ ಬಯಲು. ನಮ್ಮ ಮಿತ್ರರು ಕೆಸರಿನಿಂದ ಅರ್ಧ ಮೇಲೆದ್ದಿದ್ದ ಒಂದು ಒರಳುಕಲ್ಲನ್ನು ಕಂಡು, ಅದರ ಗುಳಿಯಲ್ಲಿ ನಿಂತಿದ್ದ ಒಂದು ಬೊಗಸೆ ನೀರಿನಲ್ಲಿ ಆಕಾಶವು ಪ್ರತಿಬಿಂಬಿಸುವಂತೆ ತೆಗೆದರು. ಸೊಗಸಾದ ಚಿತ್ರ. ಅದಕ್ಕೆ ‘ಮೌನ’ ಎಂದು ಹೆಸರಿಟ್ಟರು.

ಕೆಲವು ದಿನಗಳ ಮೇಲೆ ಗೆಳೆಯರು ಕೂಡಿ ಸಾಗರದಲ್ಲಿ ಒಂದು ಸಣ್ಣ ಪ್ರದರ್ಶನವನ್ನಿಟ್ಟರು. ಮೊಮ್ಮಗಳ ಕೈಹಿಡಿದು ಬಂದ ಒಬ್ಬ ವೃದ್ಧೆಯು ಆ ಪಟದ ಮುಂದೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ಹತ್ತಿರವಿದ್ದ ನಮ್ಮನ್ನು ಕುರಿತು, “ಇದು ಯಾವ ಊರಿನ ಒರಳು ಮೇಷ್ಟ್ರೆ?” ಎಂದು ಕೇಳಿದರು. ಕೆಳಗಿನ ಚೀಟಿಯಲ್ಲಿ ‘ಮೌನ’ ಎಂದಿದ್ದಿತೇ ಹೊರತು ಊರಿನ ಹೆಸರಿರಲಿಲ್ಲ. ಮಡೆನೂರಿನ ಬಳಿಯದೆಂದು ಹೇಳಿದೆವು. ಆಕೆಯು ಮಡೆನೂರಿನ ಹತ್ತಿರದಿಂದಲೇ ಎದ್ದುಬಂದವರು. ಆಗ ಹನ್ನೆರಡು ವರ್ಷದ ಹುಡುಗಿ. “ನಮ್ಮನೆ ಒರಳೂ ಬಿಟ್ಟೇ ಬಂದಿದ್ದೆವು. ಗಾಡಿಯಲ್ಲಿ ಜಾಗ ಇರಲಿಲ್ಲ. ಅಮ್ಮ ಹೊರಡುವಾಗ ಅದನ್ನು ತೊಳೆದು ಕವುಚಿಟ್ಟಳು” ಎಂದರು. ಮುಳುಗಿಹೋಗುವ ಒರಳನ್ನು ತೊಳೆದಿಡುವುದೇಕೆಂದು ಮೊಮ್ಮಗಳು ಕೇಳಿದಳು. ಅಜ್ಜಿಯು ಉತ್ತರ ಹೇಳಲಿಲ್ಲ.

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವು ವಾಚಕರಿಗೆ ನೆನಪಿರಬಹುದು. ಸೀತಾರಾಮರು ಲಕ್ಷ್ಮಣನೊಡನೆ ತಮ್ಮ ವನವಾಸದ ಚಿತ್ರಗಳನ್ನು ನೋಡುವರು. ಕಳೆದುಹೋದ ದುಃಖವು ಚಿತ್ರವನ್ನು ಕಂಡೊಡನೆ ಹೊಸದಾಗುವುದು. ಸೀತೆಗೆ ಆ ಕಾಡನ್ನು ಮತ್ತೆ ನೋಡಬೇಕೆಂಬ ಬಯಕೆಯಾಗುವುದು. ಆ ಅಂಕವನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಬಾರಿ ಪಾಠ ಹೇಳಿದ್ದೆವು. ಸೀತೆಗೆ ಹಿಂದಿರುಗಲು ಕಾಡಾದರೂ ಇದ್ದಿತು. ಈ ತಾಯಿಗೆ ಹಿಂದಿರುಗಲು ಊರಿಲ್ಲ. ಇರುವುದು ಚೀಟಿಯಲ್ಲಿ ಬರೆಯಬಹುದಾದ ಒಂದು ಹೆಸರು ಮಾತ್ರ. ಮಿತ್ರರು ಅಲ್ಲಿಯೇ ಆ ಚೀಟಿಯನ್ನು ತೆಗೆದು, ಸ್ಥಳದ ಹೆಸರನ್ನೂ ತೆಗೆದ ತಿಂಗಳು ಇಸವಿಯನ್ನೂ ಬರೆದು ಅಂಟಿಸಿದರು. ‘ಮೌನ’ ಎಂಬುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಸಿದರು. ಮುಂದಿನ ಭಾನುವಾರ ಅವರು ಯಂತ್ರದ ಬದಲಿಗೆ ಒಂದು ಪುಸ್ತಕ ಹಿಡಿದು ಆ ಅಜ್ಜಿಯ ಮನೆಗೆ ಹೋದರು. ಮುಳುಗಿದ ಕೇರಿಯ ಮನೆಗಳ ಸಾಲನ್ನು ಆಕೆಯ ಬಾಯಿಂದ ಬರೆದುಕೊಂಡರು. ಈಗ ಅವರ ಬಳಿ ಹಾಗೆ ತುಂಬಿದ ಪುಟಗಳು ಹಲವಿವೆ.

ಚಿತ್ರಗಳಿಗೆ ಚರಿತ್ರೆಯ ಬೆಲೆ ಬರಲು ಬಹುಕಾಲ ಬೇಕಿಲ್ಲವೆಂಬುದಕ್ಕೆ ಸಿಗಂದೂರಿನ ದಾರಿಯು ಸಾಕ್ಷಿ. ಹಿನ್ನೀರಿನಾಚೆಯ ತುಮರಿಯ ಜನರು ದಶಕಗಳ ಕಾಲ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದರು. ಬಸ್ಸು, ಮದುವೆಯ ದಿಬ್ಬಣ, ರೋಗಿ, ಅಡಿಕೆ ಮೂಟೆ ಎಲ್ಲವೂ ಒಂದೇ ಹಲಗೆಯ ಮೇಲೆ ಸಾಗುತ್ತಿದ್ದುವು. ಛಾಯಾಚಿತ್ರಕಾರರಿಗೆ ಅದು ನೆಚ್ಚಿನ ವಸ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯು ತೆರೆಯಿತು. ಮೊನ್ನೆಮೊನ್ನೆ ತೆಗೆದ ಲಾಂಚಿನ ಪಟಗಳು ಆ ದಿನದಿಂದ ಹಳೆಯ ಕಾಲದ ಪಟಗಳಾದುವು.

ಹಿನ್ನೀರನ್ನು ಬಿಟ್ಟು ನದಿಯ ಮೇಲ್ಗಡೆಗೆ ನಡೆದರೆ ಹೊಸನಗರ. ಹಿಂದೆ ಕಲ್ಲೂರುಕಟ್ಟೆಯೆಂದಿದ್ದ ಊರಿಗೆ ಈ ಹೆಸರು ಬಂದುದು ಹಳೆಯ ನಗರವು ಬೇರೊಂದಿರುವುದರಿಂದ. ಆ ನಗರವೇ ಶಿವಪ್ಪ ನಾಯಕನು ಆಳಿದ ಬಿದನೂರು. 1763ರಲ್ಲಿ ಹೈದರಾಲಿಯ ವಶವಾಯಿತು. ಕೋಟೆಯ ಗೋಡೆಯ ಮೇಲೆ ಈಗ ಹುಲ್ಲು ಬೆಳೆದಿದೆ. ಸಮೀಪದ ದೇವಗಂಗೆಯಲ್ಲಿ ಅರಸರ ಕಾಲದ ಕೊಳಗಳು ಸಾಲಾಗಿ ಇರುವುವು; ಬೆಟ್ಟದಿಂದಿಳಿಯುವ ನೀರು ಒಂದರಿಂದೊಂದಕ್ಕೆ ಹರಿಯುವುದು. ಇದೇ ತಾಲ್ಲೂಕಿನ ಹುಂಚದಲ್ಲಿ ಹನ್ನೊಂದನೆಯ ಶತಮಾನದ ಪಂಚಕೂಟ ಬಸದಿಯೂ, ಪಶ್ಚಿಮದಂಚಿನಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿಯೂ ಇರುವುವು. ಕೊಡಚಾದ್ರಿಯಲ್ಲಿ ಮಂಜು ಒಮ್ಮೆ ಶಿಖರವನ್ನು ಮುಚ್ಚಿದರೆ ನಾಲ್ಕು ಗಂಟೆಯಾದರೂ ಬಿಡದು. ಅಲ್ಲಿ ಛಾಯಾಚಿತ್ರಕಾರನು ಕಲಿಯುವ ಮೊದಲನೆಯ ಪಾಠವು ತಾಳ್ಮೆ, ಎರಡನೆಯದೂ ಅದೇ.

ದೇವಗಂಗೆಯಲ್ಲಿ ಒಂದು ಸ್ವಾರಸ್ಯವು ನಡೆಯಿತು. ಎಳೆಯ ಬಿಸಿಲಿನಲ್ಲಿ ಕೊಳವು ಕನ್ನಡಿಯಂತಿದ್ದಿತು. ಆದರೆ ನಡುವೆ ಯಾರೋ ಎಸೆದುಹೋದ ಎರಡು ಪ್ಲಾಸ್ಟಿಕ್ ಶೀಸೆಗಳು ತೇಲುತ್ತಿದ್ದುವು. “ಇದ್ದರಿರಲಿ, ಮನೆಗೆ ಹೋಗಿ ಗಣಕಯಂತ್ರದಲ್ಲಿ ಅಳಿಸಿದರಾಯಿತು” ಎಂದರೊಬ್ಬರು. ಇನ್ನೊಬ್ಬರು, ಪ್ರಕೃತಿ ವಿಭಾಗದಲ್ಲಿ ಹಾಗೆ ಅಳಿಸುವುದೂ ಸೇರಿಸುವುದೂ ನಿಷಿದ್ಧವೆಂದು ನಿಯಮವನ್ನು ನೆನಪಿಸಿದರು. ಮೂರನೆಯವರು ವಾದಕ್ಕೆ ಇಳಿಯದೆ, ಉದ್ದವಾದ ಒಂದು ಕೋಲನ್ನು ಹುಡುಕಿ ತಂದು ಶೀಸೆಗಳನ್ನು ದಡಕ್ಕೆಳೆದರು. ದಡದ ಮೇಲೆ ಇನ್ನೂ ಹತ್ತಾರು ಬಿದ್ದಿದ್ದುವು, ಅವನ್ನೂ ಆರಿಸಿದೆವು. ಗೋಣಿ ತುಂಬುವಷ್ಟರಲ್ಲಿ ಬಿಸಿಲೇರಿ ಕನ್ನಡಿಯು ಒಡೆದಿದ್ದಿತು. ಅಂದು ಒಳ್ಳೆಯ ಪಟವಾಗಲಿಲ್ಲ. ಆದರೆ ಮರುದಿನ ಬಂದವರಿಗೆಲ್ಲ ಆಗಿದ್ದಿರಬೇಕು.

ಹೊಸನಗರದಿಂದ ತೀರ್ಥಹಳ್ಳಿಗೆ ಬಂದರೆ ಶರಾವತಿಯ ಮೂಲವೂ ತುಂಗೆಯ ಹರಿವೂ ಒಂದೇ ತಾಲ್ಲೂಕಿನಲ್ಲಿ ದೊರೆಯುವುವು. ಇಲ್ಲಿಂದ ಶಿವಮೊಗ್ಗೆಗೆ ಹೋಗುವ ಹೆದ್ದಾರಿಯಲ್ಲಿ ಮಂಡಗದ್ದೆಯುಂಟು. ಮಳೆಗಾಲದ ತಿಂಗಳುಗಳಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು, ನೀರುಕಾಗೆಗಳು, ಹಾವಕ್ಕಿಗಳು ಗೂಡು ಕಟ್ಟುವುವು. ಹಸುರು ಮರವೇ ಬೆಳ್ಳಗೆ ಹೂಬಿಟ್ಟಂತೆ ತೋರುವುದು. ಶ್ರಾವಣದಲ್ಲಿ ನಾವು ಅಲ್ಲಿಗೆ ಹೋದಾಗ ಮಿತ್ರರು ದಡದಲ್ಲಿಯೇ ನಿಂತು, ಹಾರಿಬರುವ ಹಕ್ಕಿಗಳನ್ನು ಮಾತ್ರ ತೆಗೆದರು. ಗೂಡಿನ ಮರಿಗಳನ್ನು ಏಕೆ ತೆಗೆಯಲಿಲ್ಲವೆಂದು ಕೇಳಿದುದಕ್ಕೆ ಅವರು ಹೇಳಿದ ಸಂಗತಿಯು ಎಲ್ಲರೂ ತಿಳಿಯತಕ್ಕದ್ದು. ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಎಲೆಗಳನ್ನು ಸವರುವವರುಂಟು. ಆಮೇಲೆ ಮರಿಗಳು ಬಿಸಿಲಿಗೆ ಬೇಯುವುವು, ಇಲ್ಲವೆ ಹದ್ದುಗಳ ಕಣ್ಣಿಗೆ ಬೀಳುವುವು. ಮನುಷ್ಯನು ಹತ್ತಿರ ಸುಳಿದರೆ ಬೆದರಿದ ತಾಯಿಯು ಗೂಡನ್ನೇ ತೊರೆಯಬಹುದು. ಆದುದರಿಂದ ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳನ್ನು ನಮ್ಮ ದೇಶದ ಅನೇಕ ಸ್ಪರ್ಧೆಗಳಲ್ಲಿ ಸ್ವೀಕರಿಸುವುದಿಲ್ಲ. ಪದಕವೇ ಇಲ್ಲವೆಂದಮೇಲೆ ಆಸೆಯೂ ಕಡಮೆಯಾಗುವುದು. ಧರ್ಮೋಪದೇಶಕ್ಕಿಂತ ಒಂದು ನಿಯಮವು ಕೆಲವು ಕಡೆ ಹೆಚ್ಚು ಕೆಲಸ ಮಾಡುವುದೆಂಬುದನ್ನು ಶಾಲೆಯಲ್ಲಿ ನಾವೂ ಕಂಡಿರುವೆವು.

ಹಕ್ಕಿಗಳ ಚಿತ್ರವೆಂದೊಡನೆ ಕುಪ್ಪಳಿಯ ನೆನಪಾಗದಿರದು. ಕುವೆಂಪು ಅವರ ಆ ಮನೆತನದಲ್ಲಿ 1938ರಲ್ಲಿ ಜನಿಸಿದ ಪೂರ್ಣಚಂದ್ರ ತೇಜಸ್ವಿಯವರು, ಕಥೆಗಾರರಾಗಿ ಪ್ರಸಿದ್ಧರಾದಂತೆಯೇ, ಹಕ್ಕಿಗಳ ಛಾಯಾಚಿತ್ರಕಾರರಾಗಿಯೂ ಹೆಸರಾದವರು. ಒಂದು ಹಕ್ಕಿಯ ನಡವಳಿಕೆಯನ್ನು ತಿಳಿಯದೆ ಅದರ ಚಿತ್ರ ತೆಗೆಯುವುದು ಅಸಾಧ್ಯವೆಂಬುದಕ್ಕೆ ಅವರ ಚಿತ್ರಗಳೇ ನಿದರ್ಶನ. ಕವಿಶೈಲದ ಸಮೀಪದಲ್ಲಿಯೇ ಅವರ ಸಮಾಧಿಯಿರುವುದು.

ಅಲ್ಲಿಂದ ಆಗುಂಬೆಗೆ ಹೋದೆವು. ಸೂರ್ಯಾಸ್ತವನ್ನು ನೋಡುವ ಕಟ್ಟೆಯ ಮೇಲೆ ನೂರಾರು ಕೈಗಳು ದೂರವಾಣಿಗಳನ್ನೆತ್ತಿ ಹಿಡಿದಿದ್ದುವು. ಸೂರ್ಯನನ್ನು ಕಣ್ಣಿನಿಂದ ನೋಡುತ್ತಿದ್ದವರು ಬಹಳ ಕಡಮೆ. ಆಗುಂಬೆಯ ಮಳೆಯ ಪ್ರಸಿದ್ಧಿಯನ್ನು ಹೇಳಬೇಕಾಗಿಲ್ಲ. ಈ ಮಳೆಯೇ ಮಲೆನಾಡಿನ ಛಾಯಾಚಿತ್ರಕಾರನ ಶತ್ರು. ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವಂತೆ ಯಂತ್ರದ ಮಸೂರಕ್ಕೂ ಹಿಡಿಯುವುದು. ಬಲೆಯಂತೆ ಹರಡಿ ಗಾಜನ್ನೇ ಕೆಡಿಸುವುದು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಡನೆ ಇಡುವುದೂ, ಬಿಸಿಲು ಕಂಡ ದಿನ ಹೊರಗೆ ತೆಗೆದು ಉಪಯೋಗಿಸುವುದೂ ಇದಕ್ಕೆ ಮದ್ದು. ಮನೆಯ ಹಳೆಯ ಪಟಗಳಿಗೂ ಇದೇ ಎಚ್ಚರಿಕೆಯು ಅಗತ್ಯ. ಒದ್ದೆಗೋಡೆಗೆ ತಾಗುವಂತೆ ತೂಗಿದ ಚೌಕಟ್ಟಿನಲ್ಲಿ ಪಟವು ಗಾಜಿಗೆ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಹಿಂದೆ ಎರಡು ಮರದ ಚಕ್ಕೆಗಳನ್ನಿಟ್ಟು ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸಬೇಕು.

ಇಂದು ಈ ವಿದ್ಯೆಗೆ ಹೊಸದೊಂದು ಪರೀಕ್ಷೆಯು ಬಂದಿದೆ. ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ, ಎಲ್ಲಿಯೂ ಇಲ್ಲದ ಜಲಪಾತವನ್ನೂ ಎಂದೂ ಹುಟ್ಟದ ಮುದುಕಿಯ ಮುಖವನ್ನೂ ಕ್ಷಣದಲ್ಲಿ ನಿರ್ಮಿಸಿಕೊಡುವುದು. ಅದಕ್ಕಾಗಿಯೇ ಸ್ಪರ್ಧೆಗಳಲ್ಲಿ ಸಂದೇಹ ಬಂದರೆ ಕ್ಯಾಮರಾದಿಂದ ಬಂದ ಮೂಲ ಪ್ರತಿಯನ್ನು ತೋರಿಸೆಂದು ಕೇಳುವರು. ಕಲ್ಪನೆಯ ಚಿತ್ರವನ್ನು ಕಲ್ಪನೆಯೆಂದು ಹೇಳಿ ತೋರಿಸುವುದರಲ್ಲಿ ತಪ್ಪಿಲ್ಲ; ನಮ್ಮ ಕವಿಗಳು ಮಾಡಿದುದೂ ಅದನ್ನೇ. ಆದರೆ ಮಡೆನೂರಿನ ಕೆಸರಿನಲ್ಲಿ ಒಂದು ಸುಳ್ಳು ಒರಳನ್ನು ಯಂತ್ರದಿಂದ ಮೂಡಿಸಿ ತೋರಿಸಿದ್ದರೆ, ಆ ಅಜ್ಜಿಯ ಪ್ರಶ್ನೆಗೆ ಯಾರು ಏನು ಉತ್ತರ ಹೇಳಬಹುದಾಗಿದ್ದಿತು? ಪಟದ ಸೌಂದರ್ಯವನ್ನು ಮೂವರು ತೀರ್ಪುಗಾರರು ಅಳೆಯಬಲ್ಲರು. ಅದರ ಸತ್ಯವನ್ನು ಅಳೆಯುವವರು ಅದರೊಳಗೆ ತಮ್ಮ ಊರನ್ನು ಹುಡುಕುವವರು.

ಇಂತಹ ಸಂಘಗಳು ಇನ್ನೂ ಬೆಳೆಯಲಿ. ಹೊಸನಗರದಲ್ಲಿಯೂ ತೀರ್ಥಹಳ್ಳಿಯಲ್ಲಿಯೂ ಹುಡುಗರೂ ಹುಡುಗಿಯರೂ ಇದರಲ್ಲಿ ಸೇರಲಿ. ‘ನಮ್ಮ ಊರು’ ಎಂಬ ಹೆಸರಿನ ಒಂದು ಸ್ಪರ್ಧೆಯನ್ನೂ ಅವರು ವರ್ಷಕ್ಕೊಮ್ಮೆ ನಡೆಸಲಿ. ಅದರಲ್ಲಿ ಚಿತ್ರಕ್ಕೆ ಅರ್ಧ ಅಂಕಗಳು, ಅದರ ಸಂಗಡ ಬರೆದುಕೊಟ್ಟ ವಿವರಕ್ಕೆ ಅರ್ಧ ಅಂಕಗಳು ಇರಲಿ.

ವಾಚಕರ ಮನೆಗಳಲ್ಲಿಯೂ ಇಷ್ಟು ನಡೆಯಬಹುದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಪಟಗಳಿದ್ದರೆ, ಅವುಗಳಲ್ಲಿರುವವರ ಗುರುತು ಹೇಳಬಲ್ಲ ಹಿರಿಯರು ಇರುವಾಗಲೇ ಕೆಳಗಿಳಿಸಿ ನೋಡಿರಿ. ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತದೆ, ಅದರಲ್ಲಿರುವವರು ಯಾರು, ಊರು ಯಾವುದು, ಇಸವಿ ಯಾವುದು, ತೆಗೆದವರು ಯಾರು ಎಂಬ ನಾಲ್ಕು ಮಾತುಗಳನ್ನು ಬರೆಯಿರಿ. ದೂರವಾಣಿಯಲ್ಲಿ ಸಾವಿರಗಟ್ಟಲೆ ತುಂಬಿಕೊಂಡಿರುವ ಪಟಗಳಲ್ಲಿ ವರ್ಷಕ್ಕೆ ಹನ್ನೆರಡನ್ನಾದರೂ ಆರಿಸಿ ಅಚ್ಚು ಹಾಕಿಸಿ, ಅವುಗಳ ಹಿಂದೆಯೂ ಹೀಗೆಯೇ ಬರೆದಿಡಿರಿ. ಅಡಿಗೆಯ ಮನೆಯನ್ನೂ, ಬಾವಿಕಟ್ಟೆಯನ್ನೂ, ಅಡಿಕೆ ಸುಲಿಯುವ ಚಪ್ಪರವನ್ನೂ, ಒರಳನ್ನೂ ತೆಗೆಯಲು ಮರೆಯಬೇಡಿರಿ. ಹಬ್ಬದ ದಿನದ ಪಟಗಳು ಎಲ್ಲರ ಮನೆಯಲ್ಲಿಯೂ ಇರುವುವು, ಉಳಿದ ದಿನಗಳವು ಯಾರಲ್ಲಿಯೂ ಇರುವುದಿಲ್ಲ. ಇದಕ್ಕೆ ಬೇಕಾಗುವುದು ಒಂದು ಮಧ್ಯಾಹ್ನ, ಒಂದು ಸೀಸದಕಡ್ಡಿ, ಮತ್ತು ಪಕ್ಕದಲ್ಲಿ ಒಬ್ಬ ಅಜ್ಜಿ.